ಮುಷ್ಟಿಯೋ ಅಂಗೈಯೋ? ತಮ್ಮನ ಕೈ ಮುರಿದ ಮೇಲೆ ಕೇಳುತ್ತಿದ್ದೇನೆ

ಹೊಲಿಗೆ_ಅಕ್ಕ (ದಾವಣಗೆರೆ)
ಎಲ್ಲರಿಗೂ ನಮಸ್ಕಾರ. ನಾನು ಬ್ಲೌಸ್ ಹೊಲಿಯುವ ಅಂಗಡಿ ಇಟ್ಟುಕೊಂಡಿದ್ದೇನೆ. ಹೊಡೆದಾಟದ ವಿಷಯ ನನಗೆ ಜಾಸ್ತಿ ಗೊತ್ತಿಲ್ಲ.

ನನ್ನ ತಮ್ಮ ಲಗೇಜ್ ಆಟೋ ಓಡಿಸುತ್ತಾನೆ. ಹದಿನೈದು ದಿನದ ಹಿಂದೆ ರಾತ್ರಿ ಒಬ್ಬ ಕುಡಿದವನು ಆಟೋಗೆ ಅಡ್ಡ ನಿಂತು ಇವನ ಕಾಲರ್ ಹಿಡಿದು ಎಳೆದ. ಬಿಡಿಸಿಕೊಳ್ಳಲು ನೋಡಿದ, ಆಗಲಿಲ್ಲ. ಕೊನೆಗೆ ಮುಷ್ಟಿ ಕಟ್ಟಿ ಮುಖಕ್ಕೆ ಗುದ್ದಿದ. ಅವನು ತಲೆ ತಗ್ಗಿಸಿದ್ದರಿಂದ ಗುದ್ದು ಹಣೆಗೆ ಬಿತ್ತು. ಕುಡಿದವನು ತಲೆ ಉಜ್ಜಿಕೊಂಡು ನಡೆದುಹೋದ. ನನ್ನ ತಮ್ಮನಿಗೆ ಬಲಗೈ ಕಿರುಬೆರಳ ಕೆಳಗಿನ ಮೂಳೆ ಮುರಿದು ಬ್ಯಾಂಡೇಜ್ ಬಿತ್ತು. ಈಗ ಆಟೋ ನಿಂತಿದೆ, ಸಾಲದ ಕಂತು ನಿಂತಿಲ್ಲ.

ನಾನು ಮತ್ತು ಮಗಳು ಮೂರು ತಿಂಗಳಿಂದ ಕರಾಟೆ ಕ್ಲಾಸಿಗೆ ಹೋಗುತ್ತಿದ್ದೇವೆ. ಸರ್ ಮೊದಲ ದಿನದಿಂದ ಮುಷ್ಟಿಯಲ್ಲೇ ಹೊಡೆಸುತ್ತಿದ್ದಾರೆ. ಮಗಳ ಕಾಲೇಜಿನಲ್ಲಿ ಆತ್ಮರಕ್ಷಣೆ ಹೇಳಿಕೊಡಲು ಬಂದ ಮೇಡಂ "ಮುಖಕ್ಕೆ ಮುಷ್ಟಿ ಬೇಡ, ಅಂಗೈ ಬುಡದಿಂದ ಹೊಡೀರಿ" ಅಂದರಂತೆ. ಯಾರ ಮಾತು ಕೇಳಬೇಕು? ನನ್ನ ಕೈ ಮುರಿದರೆ ಕತ್ತರಿ ಹಿಡಿಯೋಕೆ ಆಗಲ್ಲ. ಸುಮ್ನೆ ಕುತೂಹಲಕ್ಕೆ ಕೇಳುತ್ತಿಲ್ಲ.

ದುಬೈ_ಕನ್ನಡಿಗ
ಓಡಿಹೋಗೋದು ಎಲ್ಲಕ್ಕಿಂತ ಒಳ್ಳೆಯದು ಅಕ್ಕ.

ಹೊಲಿಗೆ_ಅಕ್ಕ (ದಾವಣಗೆರೆ)
ಕಾಲರ್ ಹಿಡಿದಿದ್ದಾಗ ಹೇಗೆ ಓಡೋದು?

ಶಿವಮೊಗ್ಗ_ದೋಜೊ
ಅಕ್ಕ, ನಿಮ್ಮ ಸರ್ ಹೇಳುವುದರಲ್ಲಿ ತಪ್ಪಿಲ್ಲ. ಹದಿನಾಲ್ಕು ವರ್ಷ ಕರಾಟೆ ಮಾಡಿದವನಾಗಿ ಹೇಳುತ್ತಿದ್ದೇನೆ. ಸರಿಯಾಗಿ ಕಟ್ಟಿದ ಮುಷ್ಟಿ ಮುರಿಯುವುದಿಲ್ಲ. ತೋರುಬೆರಳು, ನಡುಬೆರಳು, ಈ ಎರಡರ ಗೆಣ್ಣು ಮಾತ್ರ ತಗುಲಬೇಕು. ಮಣಿಕಟ್ಟು ನೇರ ಇರಬೇಕು. ಹೆಬ್ಬೆರಳು ಹೊರಗೆ, ಬೆರಳುಗಳ ಮೇಲೆ ಮಡಚಿರಬೇಕು. ನಿಮ್ಮ ತಮ್ಮ ಕಲಿತವರಲ್ಲ, ತೋಳು ಬೀಸಿ ಹೊಡೆದಿರುತ್ತಾರೆ. ಹಾಗೆ ಬೀಸಿದಾಗ ಕಿರುಬೆರಳ ಕಡೆ ಮೊದಲು ತಾಗುತ್ತದೆ, ಅದೇ ಮುರಿಯುವುದು. ತಪ್ಪು ಮುಷ್ಟಿಯದಲ್ಲ, ಅಭ್ಯಾಸ ಇಲ್ಲದ್ದು.

ಮೂಳೆ_ಡಾಕ್ಟ್ರು (ಹುಬ್ಬಳ್ಳಿ)
ಅಕ್ಕ, ನಿಮ್ಮ ತಮ್ಮನಿಗೆ ಆಗಿರುವುದಕ್ಕೆ ನಾವು ಬಾಕ್ಸರ್ಸ್ ಫ್ರ್ಯಾಕ್ಚರ್ ಅನ್ನುತ್ತೇವೆ. ಐದನೇ ಅಂಗೈ ಮೂಳೆ, ಗೆಣ್ಣಿನ ಸ್ವಲ್ಪ ಕೆಳಗೆ, ಕುತ್ತಿಗೆ ಭಾಗದಲ್ಲಿ ಮುರಿಯುತ್ತದೆ. ಹೆಸರು ಬಾಕ್ಸರ್‌ದು, ಆದರೆ ನನ್ನ ಹತ್ತಿರ ಬರುವವರಲ್ಲಿ ಬಾಕ್ಸಿಂಗ್ ಕಲಿತವರು ಅಪರೂಪ. ಗೋಡೆಗೆ ಗುದ್ದಿದವರು, ಬಾಗಿಲಿಗೆ ಗುದ್ದಿದವರು, ಇನ್ನೊಬ್ಬರ ತಲೆಗೆ ಗುದ್ದಿದವರು.

ಒಂದು ಕೈಯಲ್ಲಿ 27 ಮೂಳೆಗಳಿವೆ. ಹೆಚ್ಚಿನವು ಸಣ್ಣವು, ಬರೆಯೋಕೆ, ಹಿಡಿಯೋಕೆ, ಹೊಲಿಯೋಕೆ ಅನುಕೂಲವಾಗಿ ಜೋಡಿಸಿದಂಥವು. ಹಣೆ ನಮ್ಮ ದೇಹದ ಗಟ್ಟಿ ಜಾಗಗಳಲ್ಲಿ ಒಂದು. ಎರಡೂ ಡಿಕ್ಕಿ ಹೊಡೆದರೆ ಸೋಲುವುದು ಕೈಯೇ.

ಶಿವಮೊಗ್ಗ ಸರ್ ಹೇಳಿದ ಎರಡು ಗೆಣ್ಣಿನ ಮಾತು ನಿಜ. ಆ ಬೆರಳುಗಳ ಕೆಳಗಿನ ಮೂಳೆಗಳು ಮಣಿಕಟ್ಟಿಗೆ ಗಟ್ಟಿಯಾಗಿ ಕೂತಿವೆ, ಅಲ್ಲಾಡುವುದಿಲ್ಲ. ಕಿರುಬೆರಳ ಕಡೆಯದು ಅಲ್ಲಾಡುತ್ತದೆ. ಆದರೆ ಎದುರಿಗಿರುವ ತಲೆ ನಿಂತಲ್ಲೇ ನಿಂತಿರುತ್ತದಾ? ಕತ್ತಲು, ಗಾಬರಿ, ಅವನು ತಗ್ಗುತ್ತಾನೆ, ತಿರುಗುತ್ತಾನೆ. ಯಾವ ಗೆಣ್ಣು ತಾಗಬೇಕು ಅಂತ ಆ ಗಳಿಗೆಯಲ್ಲಿ ಆರಿಸೋಕೆ ಆಗಲ್ಲ.

ರಿಂಗ್_ಸೈಡ್ (ಬೆಂಗಳೂರು)
ಡಾಕ್ಟ್ರ ಮಾತಿಗೆ ನನ್ನದೂ ಒಂದು. 1988ರ ಆಗಸ್ಟ್‌ನಲ್ಲಿ ಮೈಕ್ ಟೈಸನ್ ನ್ಯೂಯಾರ್ಕ್‌ನ ಹಾರ್ಲೆಮ್‌ನಲ್ಲಿ ಬೀದಿ ಜಗಳಕ್ಕೆ ಬಿದ್ದ. ಎದುರಿಗೆ ಮಿಚ್ ಗ್ರೀನ್, ಅವನೂ ಬಾಕ್ಸರ್. ಟೈಸನ್‌ನ ಬಲಗೈ ಮೂಳೆ ಬಿರುಕು ಬಿಟ್ಟಿತು. ಆಗ ಅವನು ಹೆವಿವೇಟ್ ವಿಶ್ವ ಚಾಂಪಿಯನ್! ಮುಷ್ಟಿ ಕಟ್ಟೋಕೆ ಅವನಿಗೆ ಬರುತ್ತಿರಲಿಲ್ಲ ಅನ್ನೋಣವಾ?

ನಾವು ರಿಂಗಿಗೆ ಇಳಿಯುವ ಮುಂಚೆ ಒಂದೊಂದು ಕೈಗೆ ನಾಲ್ಕೂವರೆ ಮೀಟರ್ ಪಟ್ಟಿ ಸುತ್ತುತ್ತೇವೆ. ಅದರ ಮೇಲೆ ಗ್ಲೌಸ್. ಗ್ಲೌಸ್ ಎದುರಾಳಿಯ ಮುಖ ಉಳಿಸೋಕೆ ಅಂತ ಜನ ಅಂದುಕೊಂಡಿದ್ದಾರೆ. ನಮ್ಮ ಕೈಯನ್ನೂ ಅದೇ ಉಳಿಸುವುದು. ರಾತ್ರಿ ಒಂಬತ್ತಕ್ಕೆ ಆಟೋ ಸ್ಟ್ಯಾಂಡಿನಲ್ಲಿ ಯಾರ ಕೈಗೆ ಪಟ್ಟಿ ಇರುತ್ತೆ?

ಶಿವಮೊಗ್ಗ_ದೋಜೊ
ಒಂದು ಟೈಸನ್ ಕಥೆ ಹಿಡಿದು ಇಡೀ ಮುಷ್ಟಿಯನ್ನೇ ಬೇಡ ಅನ್ನೋದು ಸರಿಯಲ್ಲ. ನಾವು ಮಕಿವಾರಾ ಹಲಗೆಗೆ ಹೊಡೆದು ಗೆಣ್ಣು ಗಟ್ಟಿ ಮಾಡುತ್ತೇವೆ. ಅದು ವರ್ಷಗಟ್ಟಲೆ ಕೆಲಸ.

ರಿಂಗ್_ಸೈಡ್ (ಬೆಂಗಳೂರು)
ಅದನ್ನೇ ನಾನೂ ಹೇಳುತ್ತಿರುವುದು ಸರ್. ಅಕ್ಕನಿಗೆ ವರ್ಷಗಟ್ಟಲೆ ಟೈಮ್ ಇಲ್ಲ.

ಓದುಬಾಕ (ಧಾರವಾಡ)
ಈ ಪ್ರಶ್ನೆಯನ್ನು ಬೇರೆ ಬೇರೆ ಕಡೆ ಜನ ಬೇರೆ ಬೇರೆ ರೀತಿ ಬಗೆಹರಿಸಿಕೊಂಡಿದ್ದಾರೆ. ಜಪಾನಿನ ಸುಮೋದಲ್ಲಿ ಮುಷ್ಟಿ ಕಟ್ಟಿ ಹೊಡೆಯುವ ಹಾಗಿಲ್ಲ, ಅಂಗೈಯಿಂದ ತಳ್ಳಬಹುದು, ಬಾರಿಸಬಹುದು. ಆ ದೈತ್ಯರ ಅಂಗೈ ಏಟು ನೋಡಿದವರು ಅಂಗೈ ಮೆತ್ತಗೆ ಅಂತ ಹೇಳಲಾರರು. ಜಪಾನಿನಲ್ಲೇ 1993ರಲ್ಲಿ ಪ್ಯಾಂಕ್ರೇಸ್ ಅಂತ ಪಂದ್ಯಾವಳಿ ಶುರುವಾಯಿತು. ಆಗ ಅಲ್ಲಿ ಮುಷ್ಟಿ ನಿಷೇಧ, ಅಂಗೈ ಮಾತ್ರ. ನೆದರ್‌ಲ್ಯಾಂಡ್ಸ್‌ನ ಬಾಸ್ ರುಟನ್ ಅಂಗೈ ಏಟಿನಿಂದ ಎಷ್ಟೋ ಎದುರಾಳಿಗಳನ್ನು ಕೆಡವಿದ, ಅಲ್ಲಿ ಚಾಂಪಿಯನ್ ಕೂಡ ಆದ.

ಅದೇ ವರ್ಷ ನವೆಂಬರ್‌ನಲ್ಲಿ ಅಮೆರಿಕದ ಡೆನ್ವರ್‌ನಲ್ಲಿ ಯುಎಫ್‌ಸಿ ಅನ್ನುವ ಹೊಡೆದಾಟದ ಪಂದ್ಯಾವಳಿ ಮೊದಲ ಸಲ ನಡೆಯಿತು. ಬರಿಗೈ ಮುಷ್ಟಿಗೆ ಅಡ್ಡಿ ಇರಲಿಲ್ಲ. ಗೆರಾರ್ಡ್ ಗೋರ್ಡೊ ಮೊದಲ ಪಂದ್ಯದಲ್ಲೇ ಕೈ ಮುರಿದುಕೊಂಡ. ಅಲ್ಲಿ ಗ್ಲೌಸ್ ಕಡ್ಡಾಯ ಆಗಿದ್ದು 1997ರಲ್ಲಿ.

ರಿಂಗ್_ಸೈಡ್ (ಬೆಂಗಳೂರು)
ಸಣ್ಣ ತಿದ್ದುಪಡಿ. ಪ್ಯಾಂಕ್ರೇಸ್‌ನಲ್ಲಿ ಮುಷ್ಟಿ ನಿಷೇಧ ಇದ್ದದ್ದು ತಲೆಗೆ ಮಾತ್ರ. ಮೈಗೆ ಗುದ್ದಬಹುದಿತ್ತು.

ಓದುಬಾಕ (ಧಾರವಾಡ)
ಹೌದು, ನನ್ನದೇ ತಪ್ಪು. ನೋಡಿದರೆ ಅಕ್ಕನಿಗೆ ಬೇಕಾದ ಉತ್ತರ ಆ ನಿಯಮದಲ್ಲೇ ಇದೆ. ತಲೆಗೆ ಅಂಗೈ, ಹೊಟ್ಟೆಗೆ ಮುಷ್ಟಿ.

ಗರಡಿ_ಮನೆ (ಮೈಸೂರು)
ನಮ್ಮೂರಿನ ವಜ್ರಮುಷ್ಟಿ ಯಾರೂ ಎತ್ತಲೇ ಇಲ್ಲ! ಪ್ರತಿ ವರ್ಷ ವಿಜಯದಶಮಿ ದಿನ ಅರಮನೆಯಲ್ಲಿ ಜೆಟ್ಟಿಗಳ ಕಾಳಗ ನಡೆಯುತ್ತದೆ. ಮೈಸೂರು, ಚನ್ನಪಟ್ಟಣ, ಚಾಮರಾಜನಗರ, ಬೆಂಗಳೂರಿನ ಜೆಟ್ಟಿ ಮನೆತನದವರು ತಲೆ ಬೋಳಿಸಿಕೊಂಡು ಅಖಾಡಕ್ಕೆ ಇಳಿಯುತ್ತಾರೆ. ಬೆರಳುಗಳಿಗೆ ವಜ್ರನಖ ತೊಟ್ಟಿರುತ್ತಾರೆ. ತಲೆಯಿಂದ ಮೊದಲ ರಕ್ತ ಚಿಮ್ಮಿದರೆ ಕಾಳಗ ಮುಗಿಯಿತು. ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿದುಹೋಗುತ್ತದೆ, ಹಿಂದೆ ನಿಂತವರಿಗೆ ಕಾಣುವುದೂ ಇಲ್ಲ.

ನಾನು ಹೇಳಬೇಕು ಅಂದುಕೊಂಡಿದ್ದು ಏನೆಂದರೆ, ತಲೆಗೆ ಮುಷ್ಟಿಯಿಂದ ಹೊಡೆಯಬೇಕು ಅಂದಾಗ ನಮ್ಮ ಹಿರಿಯರು ಬರಿಗೈಯಲ್ಲಿ ಹೋಗಲಿಲ್ಲ. ಬೆರಳಿನ ಮೇಲೆ ಗಟ್ಟಿ ಆಯುಧ ಇಟ್ಟುಕೊಂಡರು. ಕುಸ್ತಿಯಲ್ಲಂತೂ ಗುದ್ದೇ ಇಲ್ಲ. ಕೈ ಬಿಚ್ಚಿಯೇ ಹಿಡಿಯಬೇಕು. ಮುಷ್ಟಿ ಕಟ್ಟಿದ ಕೈಯಿಂದ ಯಾರನ್ನೂ ಹಿಡಿಯೋಕೆ ಆಗಲ್ಲ, ದೂಡೋಕೆ ಆಗಲ್ಲ, ಬಿಡಿಸಿಕೊಳ್ಳೋಕೆ ಆಗಲ್ಲ. ನಿಮ್ಮ ತಮ್ಮನ ಕಾಲರ್ ಹಿಡಿದಿದ್ದರಲ್ಲ, ಅಲ್ಲಿ ಬಿಚ್ಚಿದ ಕೈಗೆ ಕೆಲಸ ಜಾಸ್ತಿ ಇತ್ತು.

ಶಿವಮೊಗ್ಗ_ದೋಜೊ
ವಜ್ರಮುಷ್ಟಿ ಕಾಳಗಕ್ಕೂ ಬಸ್ ಸ್ಟ್ಯಾಂಡ್ ಜಗಳಕ್ಕೂ ಸಂಬಂಧ ಏನು ಗುರುಗಳೇ?

ಗರಡಿ_ಮನೆ (ಮೈಸೂರು)
ತಲೆಬುರುಡೆ ಎರಡೂ ಕಡೆ ಒಂದೇ ಅಲ್ವಾ?

ಕಡಲ_ತೀರ (ಮಂಗಳೂರು)
ನಾನು ಒಮ್ಮೆ ಅಂಗೈಯಿಂದ ಹೊಡೆದಿದ್ದೇನೆ, ಅದನ್ನು ಹೇಳುತ್ತೇನೆ. ಸಂಜೆ ಬಸ್ಸಿನಲ್ಲಿ ಹಿಂದೆ ನಿಂತವನು ಮೈಮೇಲೆ ಬೀಳುತ್ತಲೇ ಇದ್ದ. ಎರಡು ಸಲ ಜೋರಾಗಿ ಹೇಳಿದೆ. ಇಳಿದಾಗ ಅವನೂ ಇಳಿದು ನನ್ನ ತೋಳು ಹಿಡಿದ. ನನಗೆ ಯಾವ ಕಲೆಯೂ ಬರುತ್ತಿರಲಿಲ್ಲ. ಬ್ಯಾಗ್ ಇದ್ದದ್ದು ಬಲಗೈಯಲ್ಲಿ. ಎಡಗೈ ಅಂಗೈಯನ್ನು ಅವನ ಗದ್ದಕ್ಕೆ ಕೆಳಗಿನಿಂದ ದೂಡಿದೆ ಅಷ್ಟೇ. ತಲೆ ಹಿಂದಕ್ಕೆ ಹೋಯಿತು, ಕೈ ಬಿಟ್ಟ. ನಾನು ಪಕ್ಕದ ಮೆಡಿಕಲ್ ಶಾಪ್ ಒಳಗೆ ಓಡಿದೆ. ನಡುಗುತ್ತಿದ್ದೆ, ಆದರೆ ಕೈಗೆ ಏನೂ ಆಗಿರಲಿಲ್ಲ. ಮುಖ್ಯವಾದದ್ದು ಇದು: ಅದೇ ಕೈಯಿಂದ ಫೋನ್ ತೆಗೆದು ಅಣ್ಣನಿಗೆ ಕಾಲ್ ಮಾಡಿದೆ. ಕೈ ಮುರಿದಿದ್ದರೆ ಫೋನ್ ಲಾಕ್ ಕೂಡ ತೆಗೆಯೋಕೆ ಆಗುತ್ತಿರಲಿಲ್ಲ.

ಓದುಬಾಕ (ಧಾರವಾಡ)
ನೀವು ಮಾಡಿದ್ದು ಹಳೆಯ ಪಾಠವೇ. ಶಾಂಘೈ ನಗರದ ಪೊಲೀಸ್ ಪಡೆಯಲ್ಲಿದ್ದ ಫೇರ್‌ಬೇರ್ನ್ ಅನ್ನುವ ಇಂಗ್ಲಿಷ್ ಅಧಿಕಾರಿ ಎರಡನೇ ಮಹಾಯುದ್ಧದಲ್ಲಿ ಬ್ರಿಟಿಷ್ ಕಮಾಂಡೋಗಳಿಗೆ ಇದನ್ನೇ ಕಲಿಸಿದರು. ಅಂಗೈ ಬುಡ ಗದ್ದದ ಕೆಳಗೆ, ಕೆಳಗಿನಿಂದ ಮೇಲಕ್ಕೆ. ಸೈನಿಕರಿಗೆ ಬೇಗ ಕಲಿಸಬೇಕಿತ್ತು, ಅವರ ಕೈ ಬಂದೂಕು ಹಿಡಿಯೋಕೂ ಉಳಿಯಬೇಕಿತ್ತು.

ಹೊಸಬ_22
ಅಂಗೈಯಿಂದ ಮೂಗಿಗೆ ಕೆಳಗಿನಿಂದ ಹೊಡೆದರೆ ಮೂಗಿನ ಮೂಳೆ ಮಿದುಳಿಗೆ ನುಗ್ಗಿ ಸಾಯುತ್ತಾರಂತೆ. ಹಾಗಿದ್ದರೆ ಅದು ಮುಷ್ಟಿಗಿಂತ ಅಪಾಯ ಅಲ್ವಾ?

ಮೂಳೆ_ಡಾಕ್ಟ್ರು (ಹುಬ್ಬಳ್ಳಿ)
ಇಲ್ಲ ತಮ್ಮಾ, ಅದು ಕಟ್ಟುಕಥೆ. ನಿಮ್ಮ ಮೂಗಿನ ತುದಿ ಅಲ್ಲಾಡಿಸಿ ನೋಡಿ, ಅದೆಲ್ಲ ಮೃದ್ವಸ್ಥಿ. ಮೇಲುಗಡೆ ಇರುವ ಮೂಳೆ ಪುಟ್ಟದು, ಅದು ಮುರಿಯುತ್ತದೆ, ರಕ್ತ ಬರುತ್ತದೆ, ಕಣ್ಣಲ್ಲಿ ನೀರು ತುಂಬುತ್ತದೆ. ಮಿದುಳಿಗೆ ಈಟಿಯಂತೆ ನುಗ್ಗುವುದಿಲ್ಲ.

ನಿಜವಾದ ಅಪಾಯ ಬೇರೆ. ಏಟು ಬಿದ್ದವನು ಹಿಂದಕ್ಕೆ ಬಿದ್ದು ತಲೆ ಫುಟ್‌ಪಾತ್ ಕಲ್ಲಿಗೆ ಬಡಿದರೆ ಜೀವ ಹೋಗಬಹುದು. ಮುಷ್ಟಿ ಆದರೂ ಅಷ್ಟೇ, ಅಂಗೈ ಆದರೂ ಅಷ್ಟೇ.

ಮುಷ್ಟಿಯ ಬಗ್ಗೆ ಇನ್ನೊಂದು ಮಾತು ಹೇಳಲೇಬೇಕು. ಗುದ್ದು ಹಲ್ಲಿಗೆ ತಾಗಿ ಗೆಣ್ಣಿನ ಮೇಲೆ ಅರ್ಧ ಇಂಚಿನ ಗಾಯ ಆಗುತ್ತದೆ. ನೋಡೋಕೆ ಏನೂ ಇಲ್ಲ. ಜನ ಅರಿಶಿನ ಹಚ್ಚಿ ಬಿಡುತ್ತಾರೆ. ಬೆರಳು ಬಿಚ್ಚಿದಾಗ ಬಾಯಿಯ ಕ್ರಿಮಿ ಕೀಲಿನ ಒಳಗೆ ಸಿಕ್ಕಿಕೊಳ್ಳುತ್ತದೆ. ಎರಡು ಮೂರು ದಿನಕ್ಕೆ ಕೈ ಊದಿಕೊಂಡು ಕೀವು ತುಂಬಿರುತ್ತದೆ. ಆಪರೇಷನ್ ಮಾಡಿ ಕೀಲು ತೊಳೆಯಬೇಕಾಗುತ್ತದೆ. ತಡವಾಗಿ ಬಂದವರಲ್ಲಿ ಬೆರಳು ಮತ್ತೆ ಪೂರ್ತಿ ಮಡಚದೇ ಹೋದದ್ದನ್ನು ನಾನು ನೋಡಿದ್ದೇನೆ. ದಯವಿಟ್ಟು ಯಾರಿಗಾದರೂ ಹಲ್ಲು ತಾಗಿ ಗೆಣ್ಣು ಹರಿದರೆ ಅದೇ ದಿನ ಆಸ್ಪತ್ರೆಗೆ ಹೋಗಿ. ಹೊಡೆದಾಟ ಆಯಿತು ಅಂತ ಮುಚ್ಚಿಡಬೇಡಿ, ನಿಜ ಹೇಳಿ.

ಕಡಲ_ತೀರ (ಮಂಗಳೂರು)
ಇದು ನನಗೆ ಗೊತ್ತೇ ಇರಲಿಲ್ಲ. ಮನೆಯ ಹುಡುಗರಿಗೆಲ್ಲ ಕಳಿಸುತ್ತಿದ್ದೇನೆ.

ಶಿವಮೊಗ್ಗ_ದೋಜೊ
ಸರಿ, ಈಗ ಅಂಗೈಯ ತೊಂದರೆಗಳನ್ನೂ ಯಾರಾದರೂ ಹೇಳಬೇಕಲ್ಲ, ನಾನೇ ಹೇಳುತ್ತೇನೆ. ಒಂದು ಬೆರಳಿನಷ್ಟು ದೂರ ಕಡಿಮೆ ಮುಟ್ಟುತ್ತದೆ. ಇನ್ನೂ ಹತ್ತಿರ ಹೋಗಬೇಕು. ಬೆರಳು ಬಿಡಿಸಿಟ್ಟರೆ ಎದುರಿನವನ ಮೊಣಕೈಗೋ ಬಟ್ಟೆಗೋ ಸಿಕ್ಕಿ ತಿರುಚಿಕೊಳ್ಳುತ್ತವೆ. ಮಣಿಕಟ್ಟು ತೀರಾ ಹಿಂದಕ್ಕೆ ಬಗ್ಗಿದರೆ ಉಳುಕುತ್ತದೆ. ಇದನ್ನೆಲ್ಲ ಬಿಟ್ಟು "ಅಂಗೈ ಸುರಕ್ಷಿತ" ಅಂತ ಹೇಳಿಕೊಟ್ಟರೆ ಮೋಸ ಮಾಡಿದ ಹಾಗೆ.

ಮೂಳೆ_ಡಾಕ್ಟ್ರು (ಹುಬ್ಬಳ್ಳಿ)
ಇದನ್ನು ಪೂರ್ತಿ ಒಪ್ಪುತ್ತೇನೆ. ಬೈಕಿನಿಂದ ಬಿದ್ದು ಅಂಗೈ ಊರಿದವರಿಗೆ ಹೆಬ್ಬೆರಳ ಬುಡದ ಸಣ್ಣ ಮೂಳೆ ಮುರಿಯುತ್ತದಲ್ಲ, ಅದು ಇದೇ ದಿಕ್ಕಿನ ಪೆಟ್ಟು. ಆದರೆ ಬೀಳುವಾಗ ಇಡೀ ಮೈ ಭಾರ ಬೀಳುತ್ತದೆ, ತೋಳು ನೆಟ್ಟಗಿರುತ್ತದೆ. ಹೊಡೆಯುವಾಗ ಮೊಣಕೈ ಸ್ವಲ್ಪ ಬಗ್ಗಿರಲಿ.

ವಕೀಲರ_ಕಟ್ಟೆ (ತುಮಕೂರು)
ಕಾನೂನಿನ ಕಡೆಯಿಂದ ನೋಡೋಣ. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಜಾರಿಯಲ್ಲಿದೆ. ಸೆಕ್ಷನ್ 34ರಿಂದ 44ರವರೆಗೆ ನಮ್ಮನ್ನು ನಾವು ಕಾಪಾಡಿಕೊಳ್ಳುವ ಹಕ್ಕಿನ ಬಗ್ಗೆ ಇದೆ. ಹಕ್ಕು ಇದೆ, ಆದರೆ ಬೇಕಾದಷ್ಟಕ್ಕಿಂತ ಹೆಚ್ಚು ಪೆಟ್ಟು ಕೊಡುವ ಹಾಗಿಲ್ಲ. ಅಪಾಯ ಮುಗಿದ ಮೇಲೆ ಹಕ್ಕೂ ಮುಗಿಯಿತು. ಬಿದ್ದವನಿಗೆ ಮತ್ತೆ ಹೊಡೆದರೆ ಅದು ರಕ್ಷಣೆ ಆಗುವುದಿಲ್ಲ.

ಮೂಳೆ ಅಥವಾ ಹಲ್ಲು ಮುರಿದರೆ ಸೆಕ್ಷನ್ 116ರ ಪ್ರಕಾರ ಅದು ತೀವ್ರ ಗಾಯ. ಒಂದು ಕಿವಿ ಶಾಶ್ವತವಾಗಿ ಕೇಳದೇ ಹೋದರೂ ಅದೇ. ಹಾಗಾಗಿ ಕೆನ್ನೆಗೆ ಬಾರಿಸಿದೆ ಅಷ್ಟೇ ಅಂತ ಹಗುರವಾಗಿ ತೆಗೆದುಕೊಳ್ಳಬೇಡಿ.

ಇನ್ನೊಂದು, ಕೈ ಹೇಗಿಟ್ಟುಕೊಂಡಿದ್ದೀರಿ ಅನ್ನುವುದನ್ನು ನೋಡಿದವರು ನೆನಪಿಟ್ಟುಕೊಳ್ಳುತ್ತಾರೆ. ಸಿಸಿಟಿವಿ ಕೂಡ. ಎರಡೂ ಅಂಗೈ ಎದೆಯ ಮುಂದೆ ಬಿಚ್ಚಿ "ಬೇಡಪ್ಪಾ, ದೂರ ನಿಲ್ಲು" ಅಂತ ಜೋರಾಗಿ ಹೇಳಿದರೆ ಜಗಳ ಬೇಡ ಅಂದವರು ಯಾರು ಅನ್ನುವುದು ಕಾಣುತ್ತದೆ.

ರಿಂಗ್_ಸೈಡ್ (ಬೆಂಗಳೂರು)
ವಕೀಲರೇ, ಅಂಗೈ ಏಟು ಶುರುವಾಗುವುದೂ ಅದೇ ಜಾಗದಿಂದ! ಬೇಡ ಅನ್ನುವ ಕೈಯೇ ಮುಖ ಕಾಯುತ್ತದೆ, ಬೇಕಾದರೆ ಅಲ್ಲಿಂದಲೇ ಗದ್ದಕ್ಕೆ ಹೋಗುತ್ತದೆ. ಮುಷ್ಟಿ ಎತ್ತಿದರೆ ಎದುರಿನವನೂ ಮುಷ್ಟಿ ಎತ್ತುತ್ತಾನೆ.

ಗರಡಿ_ಮನೆ (ಮೈಸೂರು)
ಕೆನ್ನೆಗೆ ಬಾರಿಸುವುದು ಬೇರೆ, ಅಂಗೈ ಬುಡದಿಂದ ದೂಡಿ ಹೊಡೆಯುವುದು ಬೇರೆ. ಇವೆರಡನ್ನೂ ಇಲ್ಲಿ ಬೆರೆಸಬೇಡಿ. ನಮ್ಮ ಕಡೆ ನಾಲ್ಕು ಜನರ ಮುಂದೆ ಕಪಾಳಕ್ಕೆ ಹೊಡೆದರೆ ನೋವಿಗಿಂತ ಅವಮಾನ ದೊಡ್ಡದು. ಸುಮ್ಮನೆ ಹೋಗುವವನೂ ತಿರುಗಿ ಬೀಳುತ್ತಾನೆ, ಮರುದಿನ ಜನ ಕಟ್ಟಿಕೊಂಡು ಬರುತ್ತಾನೆ. ನಮ್ಮ ಬೀದಿಯಲ್ಲಿ ಒಂದು ಕಪಾಳದ ಏಟಿಗೆ ಎರಡು ಮನೆಯವರು ಎಂಟು ವರ್ಷ ಮಾತು ಬಿಟ್ಟಿದ್ದರು.

ಮೂಳೆ_ಡಾಕ್ಟ್ರು (ಹುಬ್ಬಳ್ಳಿ)
ಅಂಗೈ ಗುಳಿ ಮಾಡಿ ಕಿವಿಗೆ ಬಾರಿಸಿದರೆ ಕಿವಿ ತಮಟೆ ಹರಿಯಬಹುದು. ಎಷ್ಟೋ ಸಲ ತಾನಾಗಿ ಕೂಡಿಕೊಳ್ಳುತ್ತದೆ, ಎಲ್ಲ ಸಲವೂ ಅಲ್ಲ. ಮಕ್ಕಳಿಗೆ ಕೆನ್ನೆಗೆ ಹೊಡೆಯುವ ಅಪ್ಪ ಅಮ್ಮಂದಿರೂ, ಮೇಷ್ಟ್ರೂ ಇದನ್ನು ಓದಲಿ.

ಹೊಲಿಗೆ_ಅಕ್ಕ (ದಾವಣಗೆರೆ)
ಎಲ್ಲರೂ ಇಷ್ಟು ಕಾಳಜಿಯಿಂದ ಬರೆದಿದ್ದೀರಿ, ಥ್ಯಾಂಕ್ಸ್. ಹಾಗಾದರೆ ಅಂಗೈ ಏಟು ಅಭ್ಯಾಸ ಮಾಡೋದು ಹೇಗೆ? ಶಿವಮೊಗ್ಗ ಸರ್, ನಮ್ಮ ಸರ್‌ಗೆ ಕೇಳಿದರೆ ಬೇಜಾರು ಮಾಡಿಕೊಳ್ಳುತ್ತಾರಾ?

ಶಿವಮೊಗ್ಗ_ದೋಜೊ
ಖಂಡಿತ ಕೇಳಿ ಅಕ್ಕ. ಅಂಗೈ ಬುಡದ ಏಟು ಕರಾಟೆಯಲ್ಲೇ ಇದೆ, ತೇಶೊ ಅನ್ನುತ್ತೇವೆ. ಗೋಜು ರ್ಯೂ ಶೈಲಿಯ ತೆನ್ಶೊ ಕಾತಾ (ಒಬ್ಬರೇ ಕ್ರಮವಾಗಿ ಮಾಡುವ ಪಟ್ಟುಗಳ ಸರಣಿ) ಬಹುಪಾಲು ಬಿಚ್ಚಿದ ಕೈಯದ್ದೇ. ಬೆಲ್ಟ್ ಪರೀಕ್ಷೆಗೆ ಮುಷ್ಟಿ ಜಾಸ್ತಿ ಕೇಳುತ್ತಾರೆ, ಅದಕ್ಕೆ ಕ್ಲಾಸಿನಲ್ಲಿ ಮುಷ್ಟಿ ಜಾಸ್ತಿ. ಡಾಕ್ಟ್ರು ಹಲ್ಲಿನ ಗಾಯದ ಬಗ್ಗೆ ಬರೆದದ್ದು ಓದಿದ ಮೇಲೆ ನಾನೂ ನಮ್ಮ ಕ್ಲಾಸಿನಲ್ಲಿ ಮುಖಕ್ಕೆ ತೇಶೊ ಹೊಡೆಸಬೇಕು ಅಂದುಕೊಂಡಿದ್ದೇನೆ. ಹೊಟ್ಟೆ, ಪಕ್ಕೆಗೆ ಮುಷ್ಟಿ ಇರಲಿ, ಅದನ್ನು ನಾನು ಬಿಟ್ಟುಕೊಡುವುದಿಲ್ಲ.

ಮನೆಯಲ್ಲಿ ಮಾಡುವುದಾದರೆ ಮಗಳಿಗೆ ದಪ್ಪ ದಿಂಬು ಅಥವಾ ಪ್ಯಾಡ್ ಹಿಡಿಯಲು ಹೇಳಿ, ಎದೆಯ ಪಕ್ಕಕ್ಕೆ, ಮುಖದ ಮುಂದೆ ಬೇಡ. ಚಪಾತಿ ಹಿಟ್ಟು ನಾದುವಾಗ ಒತ್ತುತ್ತೀರಲ್ಲ, ಆ ಜಾಗವೇ ತಾಗಬೇಕು. ಬೆರಳು ಅರ್ಧ ಮಡಚಿ ಹಿಂದಕ್ಕೆ, ಹೆಬ್ಬೆರಳು ಪಕ್ಕಕ್ಕೆ ಒತ್ತಿ. ಹಿಂದಿನ ಕಾಲಿನಿಂದ ನೆಲ ಒತ್ತಿ, ಸೊಂಟ ತಿರುಗಲಿ. ಮೊದಲ ವಾರ ಮೆತ್ತಗೆ ಹೊಡೆಯಿರಿ.

ಚಿತ್ರದುರ್ಗದವಳು
ಯಾರೂ ಹೇಳದ ಇನ್ನೊಂದಿದೆ. ಮುಷ್ಟಿ ಕಟ್ಟಿ, ಗೆಣ್ಣಿನಿಂದ ಹೊಡೆಯದೆ, ಕಿರುಬೆರಳ ಕಡೆಯ ಮಾಂಸದ ಭಾಗದಿಂದ ಮೇಲಿನಿಂದ ಕೆಳಕ್ಕೆ ಕುಟ್ಟುವುದು. ಒನಕೆ ಹಿಡಿದು ಕುಟ್ಟುವ ಹಾಗೆ. ನಾನು ಹಾಸ್ಟೆಲ್ ಹುಡುಗಿಯರಿಗೆ ಹೇಳಿಕೊಡುತ್ತೇನೆ, ಅವರಿಗೆ ಎಲ್ಲಕ್ಕಿಂತ ಬೇಗ ಬರುವುದು ಇದು. ಮುಷ್ಟಿಯೂ ಇದೆ, ಮೆತ್ತನೆ ಜಾಗವೂ ಇದೆ. ಕೈಯಲ್ಲಿ ಬೀಗದ ಕೈ, ಪೆನ್ನು, ಫೋನ್ ಏನೇ ಇದ್ದರೂ ಕೆಳಗೆ ಹಾಕದೆ ಹೊಡೆಯಬಹುದು. ಕಾಲರ್ ಹಿಡಿದವನ ಮುಂಗೈ ಮೇಲೆ ಕುಟ್ಟಿದರೆ ಹಿಡಿತ ಸಡಿಲ ಆಗುತ್ತದೆ, ಮುಖದ ತನಕ ಹೋಗಬೇಕಾಗಿಯೇ ಇಲ್ಲ.

ನಮ್ಮೂರಿನ ಓಬವ್ವನ ಕೈಗೆ ಸಿಕ್ಕಿದ್ದು ಮನೆಯಲ್ಲಿದ್ದ ಒನಕೆ. ದಿನಾ ಮಾಡುತ್ತಿದ್ದ ಕೆಲಸದ ಪಟ್ಟು ಅದು, ಬೇರೆ ಯಾರೂ ಕಲಿಸಬೇಕಿರಲಿಲ್ಲ.

ಗರಡಿ_ಮನೆ (ಮೈಸೂರು)
ಚೆನ್ನಾಗಿ ಹೇಳಿದಿರಿ ತಾಯಿ.

ರಿಂಗ್_ಸೈಡ್ (ಬೆಂಗಳೂರು)
ಇದು ಸರಿಯಾದ ಮಾತು. ಮುಂಗೈ ಮೇಲೆ ಕುಟ್ಟುವುದನ್ನು ನಾನೂ ಯೋಚಿಸಿರಲಿಲ್ಲ.

ದುಬೈ_ಕನ್ನಡಿಗ
ಹಿಡಿತ ಸಡಿಲ ಆದಮೇಲೆ ಓಡಿ. ನನ್ನ ಮಾತು ಅದೇ.

ಹೊಲಿಗೆ_ಅಕ್ಕ (ದಾವಣಗೆರೆ)
ಹದಿನೆಂಟು ದಿನ ಆದಮೇಲೆ ಮತ್ತೆ ಬರೆಯುತ್ತಿದ್ದೇನೆ. ಸರ್‌ಗೆ ಕೇಳಿದೆ, ಬೇಜಾರು ಮಾಡಿಕೊಳ್ಳಲಿಲ್ಲ. ಈಗ ವಾರಕ್ಕೆ ಒಂದು ದಿನ ಹೆಂಗಸರಿಗೆಲ್ಲ ಪ್ಯಾಡ್ ಮೇಲೆ ಅಂಗೈ ಮತ್ತು ಕುಟ್ಟುವ ಏಟು. ಮೊದಲೆರಡು ದಿನ ಮಗಳ ಮಣಿಕಟ್ಟು ನೋವಾಯಿತು, ಕೈ ಜಾಸ್ತಿ ಹಿಂದಕ್ಕೆ ಬಗ್ಗಿಸುತ್ತಿದ್ದಳು. ಈಗ ಸರಿ ಹೋಗಿದೆ. ನಾನು ಹೊಡೆದಾಗ ಪ್ಯಾಡ್ ಹಿಡಿದವರು ಎರಡು ಹೆಜ್ಜೆ ಹಿಂದೆ ಹೋದರು. ನನ್ನ ಕೈಯಲ್ಲಿ ಅಷ್ಟು ಬಲ ಇದೆ ಅಂತ ನನಗೇ ಗೊತ್ತಿರಲಿಲ್ಲ.

ತಮ್ಮನ ಬ್ಯಾಂಡೇಜ್ ನಿನ್ನೆ ಬಿಚ್ಚಿದರು. ಬೆರಳು ಬಿಗಿಯಾಗಿದೆ, ಆ ಗೆಣ್ಣು ಸ್ವಲ್ಪ ಒಳಗೆ ಹೋದಂತೆ ಕಾಣುತ್ತದೆ. ಡಾಕ್ಟ್ರೇ, ಆಟೋ ಹ್ಯಾಂಡಲ್ ಹಿಡಿಯಬಹುದಾ?

ಮೂಳೆ_ಡಾಕ್ಟ್ರು (ಹುಬ್ಬಳ್ಳಿ)
ಗೆಣ್ಣು ಒಳಗೆ ಹೋದಂತೆ ಕಾಣುವುದು ಈ ಮುರಿತದಲ್ಲಿ ಸಾಮಾನ್ಯ, ಕೆಲಸಕ್ಕೆ ಹೆಚ್ಚಾಗಿ ಅಡ್ಡಿ ಆಗಲ್ಲ. ಬಿಸಿನೀರಿನಲ್ಲಿ ಕೈ ಇಟ್ಟು ನಿಧಾನ ಮಡಚಿ ಬಿಚ್ಚಲಿ, ದಿನಕ್ಕೆ ನಾಲ್ಕೈದು ಸಲ. ಆಟೋ ಯಾವಾಗ ಅನ್ನುವುದನ್ನು ಎಕ್ಸ್‌ರೇ ನೋಡಿದ ನಿಮ್ಮ ಡಾಕ್ಟರೇ ಹೇಳಬೇಕು. ಒಂದು ಮಾತ್ರ ಇವತ್ತೇ ನೋಡಿ. ಎಲ್ಲ ಬೆರಳು ಮೆಲ್ಲಗೆ ಮಡಚಲು ಹೇಳಿ. ಕಿರುಬೆರಳು ಉಂಗುರ ಬೆರಳಿನ ಮೇಲೆ ಏರಿ ಕೂರುತ್ತಿದ್ದರೆ ಮೂಳೆ ತಿರುಚಿ ಕೂಡಿದೆ ಅಂತ ಅರ್ಥ, ತಡ ಮಾಡದೆ ಮತ್ತೆ ತೋರಿಸಿ.

ಹೊಲಿಗೆ_ಅಕ್ಕ (ದಾವಣಗೆರೆ)
ಈಗಷ್ಟೇ ಪಕ್ಕದಲ್ಲಿ ಕೂರಿಸಿಕೊಂಡು ಮಡಚಿಸಿದೆ. ಪೂರ್ತಿ ಮಡಚಲ್ಲ, ಆದರೆ ಬೆರಳುಗಳು ಒಂದರ ಪಕ್ಕ ಒಂದು ನೆಟ್ಟಗಿವೆ. ಬಿಸಿನೀರು ಕಾಯಿಸೋಕೆ ಇಟ್ಟಿದ್ದೇನೆ.